ನೀರಾಗುತ್ತಿದ್ದ ಡಾರ್ಕ್ ಮೈಲ್ಡ್ ಸರಿಯಾದದ್ದು ಹೀಗೆ

19ನೇ ಶತಮಾನದ ಇಂಗ್ಲೆಂಡಿನಲ್ಲಿ ‘ಮೈಲ್ಡ್’ ಎಂದರೆ ಹಳತಾಗಿಸದ, ತಾಜಾ ಏಲ್ (ಒಂದು ಬಗೆಯ ಬಿಯರ್) ಎಂದಷ್ಟೇ. ಬಣ್ಣ ತಿಳಿ, ಮತ್ತು ಸಾಕಷ್ಟು ಜೋರು. ಮೊದಲ ಮಹಾಯುದ್ಧದ ನಿರ್ಬಂಧಗಳು ಅದರ ಗ್ರಾವಿಟಿಯನ್ನು (ನೀರಿಗೆ ಹೋಲಿಸಿದ ಸಾಂದ್ರತೆ; ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು) ಇಳಿಸಿದವು. ಇಲ್ಲಿ ಮಾಡಿದ್ದು ಆಮೇಲಿನ ಕಪ್ಪು ಮೈಲ್ಡ್, ಆರಂಭದ ಗ್ರಾವಿಟಿ 1.035ರದ್ದು.

ತೊಂದರೆ: ಹುದುಗು ಮುಗಿದ ಮೇಲಿನ ಫೈನಲ್ ಗ್ರಾವಿಟಿ 1.006ಕ್ಕೆ ಇಳಿದು, ಬಾಯಲ್ಲಿ ಬರೀ ನೀರು. ಯೀಸ್ಟ್ ಬದಲಿಸಿದರೂ ಅಷ್ಟೇ. ತಪ್ಪಿತಸ್ಥ ಥರ್ಮಾಮೀಟರ್! ಅದು 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. 67 ಅಂದುಕೊಂಡ ಮ್ಯಾಶ್ (ಬಿಸಿನೀರಿನಲ್ಲಿ ನೆನೆಸಿದ ಮಾಲ್ಟ್) ನಿಜಕ್ಕೂ 64ರಲ್ಲಿತ್ತು. ಆ ಶಾಖದಲ್ಲಿ ಮಾಲ್ಟಿನ ಬೀಟಾ ಅಮೈಲೇಸ್ ಎಂಬ ಕಿಣ್ವ ಚುರುಕಾಗಿ, ಪಿಷ್ಟದ ಬಹುಪಾಲು ಯೀಸ್ಟ್ ತಿನ್ನುವ ಸಕ್ಕರೆಯಾಗುತ್ತದೆ. ಕರಗುವ ಮಂಜುಗಡ್ಡೆಯಲ್ಲೂ ಕುದಿಯುವ ನೀರಿನಲ್ಲೂ ಪರೀಕ್ಷಿಸಿ ಸರಿಪಡಿಸಿ, ಮ್ಯಾಶ್ ಅನ್ನು 69ಕ್ಕೆ ಏರಿಸಿದ ಮೇಲೆ 1.012ರಲ್ಲಿ ನಿಂತಿತು.

20 ಲೀಟರಿಗೆ: ಮ್ಯಾರಿಸ್ ಆಟರ್ (ಬಾರ್ಲಿ ಮಾಲ್ಟ್) 2.4 ಕೆಜಿ, ಕ್ರಿಸ್ಟಲ್ ಮಾಲ್ಟ್ (ಕ್ಯಾರಮೆಲ್ ರುಚಿಯ ಮಾಲ್ಟ್) 250 ಗ್ರಾಂ, ಮೆಕ್ಕೆಜೋಳದ ಅವಲಕ್ಕಿ 200 ಗ್ರಾಂ, ಮೂರನೇ ನಂಬರಿನ ಇನ್ವರ್ಟ್ ಸಕ್ಕರೆ (ಆಮ್ಲ ಹಾಕಿ ಕಾಯಿಸಿದ ಕಡುಗಂದು ಪಾಕ) 300 ಗ್ರಾಂ. ಕಹಿಗೆ ಫಗಲ್ ತಳಿಯ ಹಾಪ್ಸ್ ಹೂವು 35 ಗ್ರಾಂ, 60 ನಿಮಿಷ ಕುದಿಸಿ.

ಕಪ್ಪು ಬಣ್ಣ ಬರಬೇಕಾದದ್ದು ಹೆಚ್ಚಾಗಿ ಆ ಸಕ್ಕರೆಯಿಂದ. ಅದನ್ನು ಮಾಡಲು: ಕಚ್ಚಾ ಕಬ್ಬಿನ ಸಕ್ಕರೆ 500 ಗ್ರಾಂ, ನೀರು 250 ಮಿ.ಲೀ., ಸಿಟ್ರಿಕ್ ಆಮ್ಲ 1 ಗ್ರಾಂ. ಸಣ್ಣ ಉರಿಯಲ್ಲಿ 115 ಡಿಗ್ರಿಯಲ್ಲೇ ಹಿಡಿದು, ಕಡುಗಂದು ಬರುವವರೆಗೆ ಎರಡು ಗಂಟೆಗೂ ಮೀರಿ ಕಾಯಿಸಬೇಕು. 125 ದಾಟಿದರೆ ಸೀದ ಕಹಿ. ಬೆಲ್ಲ ಹಾಕಿದರಾಗದೇ? ಆಗುತ್ತದೆ, ಆದರೆ ಬೆಲ್ಲದ್ದೇ ರುಚಿ ಮುಂದೆ ನಿಲ್ಲುತ್ತದೆ.

ಮೆದು ನೀರಾದರೆ (ಖನಿಜ ಕಡಿಮೆಯದ್ದು) ಬಳಸುವ ಒಟ್ಟು 27 ಲೀಟರಿಗೆ 6 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ. ಕ್ಲೋರೈಡ್ ತುಂಬುತನ ಕೊಡುತ್ತದೆ. ಬಾಟಲಿಗೆ ತುಂಬುವಾಗ ಇಡೀ 20 ಲೀಟರಿಗೆ ಒಟ್ಟು 50 ಗ್ರಾಂ ಸಕ್ಕರೆ ಸಾಕು. ಗ್ಯಾಸ್ ಹೆಚ್ಚಾದರೆ ಮತ್ತೆ ತೆಳು ಅನಿಸುತ್ತದೆ. 12 ಡಿಗ್ರಿಯಲ್ಲಿ ಕುಡಿಯಿರಿ, ಫ್ರಿಜ್ಜಿನಿಂದ ನೇರವಾಗಿ ಬೇಡ.