ಆನರ್ ಸೊಸೈಟಿಗೆ ಸೇರಬೇಕಾ? ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ನನ್ನ ಮಗ ಹತ್ತನೇ ಕ್ಲಾಸಿನಲ್ಲಿದ್ದಾಗ ನ್ಯಾಷನಲ್ ಆನರ್ ಸೊಸೈಟಿಗೆ, ಅಂದರೆ ಅಮೆರಿಕದ ಹೈಸ್ಕೂಲುಗಳಲ್ಲಿ ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವ ಗೌರವ ಸಂಘಕ್ಕೆ, ಆಯ್ಕೆ ಆಗಲಿಲ್ಲ. ಜಿಪಿಎ, ಅಂದರೆ ಎಲ್ಲ ವಿಷಯಗಳ ಗ್ರೇಡುಗಳ ಸರಾಸರಿ, 4.0ಕ್ಕೆ 3.9 ಇತ್ತು. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. "ಇಷ್ಟು ಚೆನ್ನಾಗಿ ಓದೋ ಹುಡುಗನನ್ನ ಹೇಗೆ ಬಿಟ್ಟರು?" ಅಂತ ನಮ್ಮೆಜಮಾನರು ಶಾಲೆಗೆ ಇಮೇಲ್ ಬರೆಯಲು ಕೂತರು. ನಾನು ಅವನು ತುಂಬಿ ಕೊಟ್ಟಿದ್ದ ಫಾರಂ ತೆಗೆದು ಓದಿದೆ. ಸೇವೆ ಅನ್ನೋ ಜಾಗದಲ್ಲಿ ಒಂದೇ ಸಾಲು: ಲೈಬ್ರರಿಯಲ್ಲಿ ಸಹಾಯ ಮಾಡಿದೆ. ಯಾವಾಗ, ಎಷ್ಟು ಗಂಟೆ, ಏನು ಸಹಾಯ, ಒಂದೂ ಇಲ್ಲ. ಇಮೇಲ್ ಅಷ್ಟಕ್ಕೇ ನಿಂತಿತು.

ಮರುವರ್ಷ ಅದೇ ಹುಡುಗ ಆಯ್ಕೆಯಾದ. ಜಿಪಿಎ ಹೆಚ್ಚುಕಮ್ಮಿ ಅಷ್ಟೇ ಇತ್ತು, ಫಾರಂ ಬದಲಾಗಿತ್ತು. ಅಮೆರಿಕದಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಕಳಿಸುತ್ತಿರುವ ನಮ್ಮಂಥವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾವು ಬೆಳೆದಿದ್ದು ಮಾರ್ಕ್ಸ್ ಕಾರ್ಡ್ ನೋಡಿ ಸೀಟು ಕೊಡುವ ಊರಿನಲ್ಲಿ. ಇಲ್ಲಿ ಮಾರ್ಕ್ಸ್ ಬಾಗಿಲವರೆಗೆ ಮಾತ್ರ ಕರೆದುಕೊಂಡು ಹೋಗುತ್ತದೆ.

ಈ ಸೊಸೈಟಿ ಶುರುವಾಗಿದ್ದು 1921ರಲ್ಲಿ. ಅದನ್ನು ಕಟ್ಟಿದ್ದು ಹೈಸ್ಕೂಲು ಪ್ರಿನ್ಸಿಪಾಲರ ರಾಷ್ಟ್ರೀಯ ಸಂಘ. ಆಗಿನಿಂದ ನೋಡುವುದು ನಾಲ್ಕು ವಿಷಯ: ಓದು, ಸೇವೆ, ನಾಯಕತ್ವ, ನಡತೆ. ಹತ್ತರಿಂದ ಹನ್ನೆರಡನೇ ಕ್ಲಾಸಿನವರು ಅರ್ಹರು, ಆ ಶಾಲೆಯಲ್ಲಿ ಕನಿಷ್ಠ ಒಂದು ಸೆಮಿಸ್ಟರ್ ಓದಿರಬೇಕು. ಚಿಕ್ಕ ಕ್ಲಾಸಿನವರಿಗೆ ಜೂನಿಯರ್ ಆನರ್ ಸೊಸೈಟಿ ಅಂತ ಬೇರೆ ಇದೆ. ಅದರಲ್ಲಿ ಇದ್ದವರು ಇದಕ್ಕೆ ತಾನಾಗಿಯೇ ಬಡ್ತಿ ಪಡೆಯುವುದಿಲ್ಲ, ಮತ್ತೆ ಮೊದಲಿಂದ ಆಯ್ಕೆಯಾಗಬೇಕು.

ಜಿಪಿಎ ವಿಷಯ ಮೊದಲು ಮುಗಿಸಿಬಿಡೋಣ. ರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ 4.0ಕ್ಕೆ 3.0, ಅಂದರೆ ಬಿ ಗ್ರೇಡು ಅಥವಾ ಶೇಕಡ 85. ಆದರೆ ಪ್ರತಿ ಶಾಲೆಯ ಚಾಪ್ಟರ್ (ಆ ಶಾಲೆಯಲ್ಲಿರುವ ಸೊಸೈಟಿಯ ಶಾಖೆ) ಇದನ್ನು ಏರಿಸಬಹುದು. ನಮ್ಮ ಶಾಲೆಯಲ್ಲಿ 3.5 ಇತ್ತು. ವೆಯ್ಟೆಡ್ ಜಿಪಿಎ (ಕಷ್ಟದ ಕೋರ್ಸುಗಳಿಗೆ ಹೆಚ್ಚು ಅಂಕ ಸೇರಿಸಿದ್ದು) ನೋಡುತ್ತಾರಾ, ಅನ್‌ವೆಯ್ಟೆಡ್ (ಹಾಗೆ ಸೇರಿಸದ್ದು) ನೋಡುತ್ತಾರಾ ಅಂತ ಶಾಲೆಯ ಕೌನ್ಸೆಲರನ್ನು ಕೇಳಿಕೊಳ್ಳಿ. ಲೆಕ್ಕ ಒಂಬತ್ತನೇ ಕ್ಲಾಸಿನ ಮೊದಲ ದಿನದಿಂದಲೇ ಶುರು. ಒಂಬತ್ತರಲ್ಲಿ 3.2 ತಗೊಂಡ ಮಗು ಹತ್ತರ ಕೊನೆಗೆ 3.5 ಮುಟ್ಟಬೇಕಾದರೆ ಹತ್ತರಲ್ಲಿ 3.8 ತೆಗೆಯಬೇಕು. ಆಗದ್ದೇನಲ್ಲ, ಆದರೆ ಸುಸ್ತಾಗುತ್ತದೆ.

ಜಿಪಿಎ ಸಾಕಷ್ಟಿದ್ದರೆ ಶಾಲೆಯಿಂದ ಒಂದು ಪತ್ರ ಬರುತ್ತದೆ, ಜೊತೆಗೆ ತುಂಬಬೇಕಾದ ಫಾರಂ. ಆ ಪತ್ರ ಬಂತು ಅಂದರೆ ಆಯ್ಕೆ ಆಯಿತು ಅಂತಲ್ಲ. ನಾವು ಹಾಗೇ ಅಂದುಕೊಂಡು ಅಜ್ಜಿಗೆ ಫೋನು ಬೇರೆ ಮಾಡಿಬಿಟ್ಟಿದ್ದೆವು! ನಿಜವಾಗಿ ತೀರ್ಮಾನ ಮಾಡುವುದು ಐವರು ಶಿಕ್ಷಕರ ಮಂಡಳಿ. ಅವರನ್ನು ನೇಮಿಸುವುದು ಪ್ರಿನ್ಸಿಪಾಲ್, ಆದರೆ ಪ್ರಿನ್ಸಿಪಾಲರೇ ಅದರಲ್ಲಿ ಕೂರುವಂತಿಲ್ಲ. ಚಾಪ್ಟರ್ ನೋಡಿಕೊಳ್ಳುವ ಅಡ್ವೈಸರ್‌ಗೂ ವೋಟಿಲ್ಲ. ಐವರಲ್ಲಿ ಹೆಚ್ಚಿನವರು ಒಪ್ಪಿದರೆ ಆಯ್ಕೆ. ಆ ಐವರಲ್ಲಿ ಕೆಲವರು ನಿಮ್ಮ ಮಗುವಿಗೆ ಪಾಠವನ್ನೇ ಮಾಡಿರುವುದಿಲ್ಲ. ಅವರಿಗೆ ನಿಮ್ಮ ಮಗು ಅಂದರೆ ಆ ಫಾರಂ, ಅಷ್ಟೇ.

ಹಾಗಾಗಿ ನೋಟ್‌ಬುಕ್. ಎರಡನೇ ಸಲ ನಾವು ಮಾಡಿದ್ದು ಇಷ್ಟೇ: ನಲವತ್ತು ಹಾಳೆಯ ಒಂದು ನೋಟ್‌ಬುಕ್ಕನ್ನು ಕಾರಿನ ಮುಂದಿನ ಡಬ್ಬಿಯಲ್ಲಿ ಇಟ್ಟೆವು. ವಾಲಂಟಿಯರ್ ಕೆಲಸ ಮುಗಿಸಿ ಕಾರು ಹತ್ತಿದ ತಕ್ಷಣ, ಸೀಟ್ ಬೆಲ್ಟ್ ಹಾಕಿಕೊಳ್ಳೋಕೆ ಮುಂಚೆ, ಬರೆಯಬೇಕು. ತಾರೀಖು, ಜಾಗ, ಎಷ್ಟೊತ್ತಿನಿಂದ ಎಷ್ಟೊತ್ತಿನವರೆಗೆ, ಏನು ಮಾಡಿದೆ, ಅಲ್ಲಿನ ಮುಖ್ಯಸ್ಥರ ಹೆಸರು. ತಿಂಗಳಿಗೊಮ್ಮೆ ಅವರ ಸಹಿ. ಸಹಿಯನ್ನು ಕೊನೆಗೆ ಬಿಡಬೇಡಿ. ಮೊದಲ ವರ್ಷ ಲೈಬ್ರರಿಯಲ್ಲಿ ಇವನನ್ನು ನೋಡಿಕೊಂಡವರು ಬೇಸಿಗೆ ಮುಗಿಯುವಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದರು. ಇಪ್ಪತ್ತು ಗಂಟೆಗೂ ಜಾಸ್ತಿ ಮಾಡಿದ ಕೆಲಸಕ್ಕೆ ಹೇಳುವವರೇ ಇರಲಿಲ್ಲ.

ಬರೆಯುವ ರೀತಿಯೂ ಬದಲಾಯಿತು. "ಲೈಬ್ರರಿಯಲ್ಲಿ ಸಹಾಯ" ಹೋಗಿ, "ಜೂನ್‌ನಿಂದ ಆಗಸ್ಟ್‌ವರೆಗೆ ಪ್ರತಿ ಮಂಗಳವಾರ ಎರಡು ಗಂಟೆ, ಓದಲು ಕಷ್ಟಪಡುವ ಇಬ್ಬರು ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂತು ಪುಸ್ತಕ ಓದಿಸಿದೆ" ಆಯಿತು. ಕೆಲಸ ಅದೇ. ಓದಿದವರಿಗೆ ಈಗ ಒಂದು ಚಿತ್ರ ಕಾಣುತ್ತದೆ, ಅಲ್ವಾ? ದುಡ್ಡು ತಗೊಂಡು ಮಾಡಿದ್ದು ಸೇವೆ ಅಂತ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಗಂಟೆ ಬೇಕು ಅನ್ನುವುದು ಶಾಲೆಯಿಂದ ಶಾಲೆಗೆ ಬೇರೆ, ನಿಮ್ಮ ಚಾಪ್ಟರ್‌ನ ನಿಯಮ ಓದಿ.

ನಾಯಕತ್ವದ ಜಾಗ ನಮ್ಮ ಮಕ್ಕಳು ಖಾಲಿ ಬಿಡುವುದೇ ಜಾಸ್ತಿ. "ಅಮ್ಮ, ನಾನು ಯಾವ ಕ್ಲಬ್ಬಿಗೂ ಪ್ರೆಸಿಡೆಂಟ್ ಅಲ್ಲ" ಅಂದ ಇವನು. ಪದವಿ ಇರಲೇಬೇಕು ಅಂತಿಲ್ಲ. ಜವಾಬ್ದಾರಿ ಹೊತ್ತಿರಬೇಕು, ನಾಲ್ಕು ಜನರನ್ನು ಸೇರಿಸಿ ಒಂದು ಕೆಲಸ ಮಾಡಿರಬೇಕು. ಇವನು ಕನ್ನಡ ಕೂಟದ ಭಾನುವಾರದ ತರಗತಿಯಲ್ಲಿ ಚಿಕ್ಕವರಿಗೆ ಅಕ್ಷರ ಕಲಿಸುತ್ತಿದ್ದ. ಟೀಚರ್ ಬಾರದ ದಿನ ಹನ್ನೊಂದು ಮಕ್ಕಳನ್ನು ಒಬ್ಬನೇ ಸಂಭಾಳಿಸಿದ್ದ. ಅದನ್ನು ಬರೆಯಬಹುದು ಅಂತ ಅವನಿಗೆ ಹೊಳೆದೇ ಇರಲಿಲ್ಲ. ಅಮೆರಿಕದ ಶಾಲೆಗೆ ನಮ್ಮ ಕೂಟದ ವಿಷಯ ಯಾಕೆ ಅನ್ನುವ ಸಂಕೋಚ. ಬರೆದೆವು. ಆಮೇಲೆ ಅವನ ಇತಿಹಾಸದ ಟೀಚರು ಅದರ ಬಗ್ಗೆಯೇ ಕೇಳಿದರಂತೆ. ಸಂಬಳದ ಪಾರ್ಟ್‌ಟೈಮ್ ಕೆಲಸದಲ್ಲಿ ಹೊತ್ತ ಜವಾಬ್ದಾರಿ ಕೂಡ ಇಲ್ಲಿ ನಡೆಯುತ್ತದೆ.

ನಡತೆಗೆ ಫಾರಂನಲ್ಲಿ ಮಾಡುವುದು ಕಡಿಮೆ. ಬೇರೆಯವರದ್ದು ನಕಲು ಮಾಡಿ ಸಿಕ್ಕಿಬಿದ್ದಿದ್ದರೆ ಅದು ದೊಡ್ಡ ಕಪ್ಪುಚುಕ್ಕೆ. ಹೋಮ್‌ವರ್ಕ್ ಫೋಟೋ ತೆಗೆದು ಗ್ರೂಪಿಗೆ ಹಾಕುವುದನ್ನು ಮಕ್ಕಳು ಸ್ನೇಹ ಅಂದುಕೊಳ್ಳುತ್ತಾರೆ, ಟೀಚರು ಹಾಗೆ ಅಂದುಕೊಳ್ಳುವುದಿಲ್ಲ.

ಇನ್ನು ಕೊನೆ ದಿನಾಂಕ. ಪತ್ರ ಬ್ಯಾಗಿನ ತಳದಲ್ಲಿ, ಬಾಳೆಹಣ್ಣಿನ ಕೆಳಗೆ ಸಿಗುವುದುಂಟು. ಚಾಪ್ಟರ್ ಅಡ್ವೈಸರ್ ಯಾರು, ಫಾರಂ ಯಾವಾಗ ಕೊಡುತ್ತಾರೆ ಅಂತ ವರ್ಷದ ಶುರುವಿನಲ್ಲೇ ಮಗುವಿನ ಕೈಲಿ ಕೇಳಿಸಿ. ನೀವು ಕೇಳಬೇಡಿ, ಮಗುವೇ ಕೇಳಲಿ. ಶಿಫಾರಸು ಬೇಕಿದ್ದರೆ ಆ ಟೀಚರಿಗೂ ಎರಡು ವಾರ ಸಮಯ ಕೊಡಿ.

ಶಾಲೆ ಬದಲಾಯಿಸುವವರಿಗೆ ಒಂದು ಮಾತು. ಈಗಾಗಲೇ ಸದಸ್ಯರಾಗಿದ್ದರೆ ಹಳೆಯ ಶಾಲೆಯ ಪ್ರಿನ್ಸಿಪಾಲ್ ಅಥವಾ ಅಡ್ವೈಸರ್ ಹತ್ತಿರ ಪತ್ರ ತಗೊಂಡು ಹೊರಡಿ, ಹೊಸ ಚಾಪ್ಟರ್ ಸೇರಿಸಿಕೊಳ್ಳುತ್ತದೆ. ಅಲ್ಲಿನ ಮಟ್ಟ ಮುಟ್ಟಲು ಒಂದು ಸೆಮಿಸ್ಟರ್ ಸಮಯ ಇರುತ್ತದೆ.

ಆಯ್ಕೆ ಆಗದಿದ್ದರೆ? ಮೊದಲು ಅಡ್ವೈಸರ್ ಹತ್ತಿರ ಮಗು ಹೋಗಿ "ಮುಂದಿನ ಸಲಕ್ಕೆ ಏನು ಸರಿ ಮಾಡಿಕೊಳ್ಳಲಿ?" ಅಂತ ಕೇಳಲಿ. ನಿಜವಾಗಿ ಏನಾದರೂ ತಪ್ಪಾಗಿದೆ ಅನ್ನಿಸಿದರೆ ಪ್ರಿನ್ಸಿಪಾಲ್. ರಾಷ್ಟ್ರೀಯ ಕಚೇರಿಗೆ ಬರೆದು ಪ್ರಯೋಜನವಿಲ್ಲ, ಅವರು ಒಂದೊಂದು ಮಗುವಿನ ಆಯ್ಕೆಯ ತೀರ್ಮಾನ ಬದಲಿಸುವುದಿಲ್ಲ. ಕಾಲೇಜಿಗೆ ಇದರಿಂದ ಎಷ್ಟು ಲಾಭ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅರ್ಜಿಯಲ್ಲಿ ಒಂದು ಸಾಲು, ಅಷ್ಟೇ. ಆ ನೋಟ್‌ಬುಕ್ ಮಾತ್ರ ಕಾಲೇಜಿನ ಅರ್ಜಿ ತುಂಬುವಾಗ ಪೂರ್ತಿ ಉಪಯೋಗಕ್ಕೆ ಬಂತು.

ಒಂದು ಎಚ್ಚರಿಕೆ. ದಪ್ಪ ಕಾಗದದಲ್ಲಿ, ಚಿನ್ನದ ಬಣ್ಣದ ಮುದ್ರೆ ಹಾಕಿ, ನಿಮ್ಮ ಮಗು ಯಾವುದೋ ಗೌರವ ಸಂಘಕ್ಕೆ ಆಯ್ಕೆಯಾಗಿದೆ, ದುಡ್ಡು ಕಳಿಸಿ ಅಂತ ಮನೆಗೆ ನೇರವಾಗಿ ಅಂಚೆ ಬರಬಹುದು. ನಮಗೂ ಬಂದಿತ್ತು. ನ್ಯಾಷನಲ್ ಆನರ್ ಸೊಸೈಟಿಯ ಆಯ್ಕೆ ನಡೆಯುವುದು ಶಾಲೆಯೊಳಗೆ, ಚಾಪ್ಟರ್ ಮೂಲಕ. ಚೆಕ್ಕು ಬರೆಯುವ ಮುಂಚೆ ಆ ಪತ್ರವನ್ನು ಕೌನ್ಸೆಲರ್‌ಗೆ ತೋರಿಸಿ. ನಾನು ತೋರಿಸಿದೆ. ಅವರು ನಕ್ಕು, ಮೇಜಿನ ಖಾನೆಯಿಂದ ಅಂಥದ್ದೇ ಇನ್ನೂ ಮೂರು ಪತ್ರ ತೆಗೆದು ತೋರಿಸಿದರು.