ಗೋಡೆಯಿಂದ ಇಳಿಸಿದ ಫೋಟೋಗಳು

ಹೋಟೆಲ್ ಶುರು ಮಾಡಿದಾಗ ರಿಸೆಪ್ಷನ್ ಹಿಂದಿನ ಗೋಡೆಯ ತುಂಬ ನಮ್ಮ ಕೆಲಸಗಾರರ ಫೋಟೋ ಹಾಕಿದ್ದೆವು. ಒಂದೊಂದರ ಕೆಳಗೂ ನಾಲ್ಕು ಸಾಲು: ಇವರು ಜೈಲಿನಲ್ಲಿದ್ದು ಬಂದವರು, ಇವರಿಗೆ ಕಿವಿ ಕೇಳಿಸದು, ಇವರು ಯುದ್ಧಕ್ಕೆ ಮನೆ ಕಳೆದುಕೊಂಡವರು. ಬರೆದವನು ನಾನೇ. ಓದಿದ ಅತಿಥಿಗಳು ಕಣ್ಣೊರೆಸಿಕೊಂಡರೆ ನನಗೆ ಒಳಗೊಳಗೇ ಹೆಮ್ಮೆ. ಆರನೇ ತಿಂಗಳಲ್ಲಿ ಹೌಸ್‌ಕೀಪಿಂಗ್‌ನ ಒಬ್ಬ ಹೆಂಗಸು ಬಂದು, "ಸಾರ್, ನನ್ನ ಫೋಟೋ ತೆಗೀರಿ. ರೂಮಿಗೆ ಹೋದ್ರೆ ಅವರು ಹಾಸಿಗೆ ನೋಡಲ್ಲ, ನನ್ನ ನೋಡ್ತಾರೆ" ಅಂದರು. ಅವತ್ತೇ ಎಲ್ಲ ಇಳಿಸಿದೆವು. ಕೆಲವು ದಿನಗಳ ನಂತರ ಅವರು ಹಾಸಿದ ಬೆಡ್‌ಶೀಟ್ ಸುಕ್ಕಾಗಿದೆ ಎಂದು ಒಂದು ದೂರು ಬಂತು. ಅವರಿಗೆ ಬೇಸರವಾಗಲಿಲ್ಲ, ನಗು ಬಂತು.

ಬೇರೆಡೆ ಕೆಲಸ ಸಿಗುವುದು ಕಷ್ಟವಾದವರನ್ನು ಸೇರಿಸಿಕೊಂಡು ಹೋಟೆಲ್ ನಡೆಸುವ ಈ ದಾರಿ ನಾವು ಕಂಡುಹಿಡಿದದ್ದೇನಲ್ಲ. ಹ್ಯಾಂಬರ್ಗ್‌ನಲ್ಲಿ 1993ರಲ್ಲೇ ಅಂಗವಿಕಲರು ಕೆಲಸ ಮಾಡುವ ಸ್ಟಾಟ್‌ಹೌಸ್ ಹೋಟೆಲ್ ತೆರೆದಿತ್ತು. ವಿಯೆನ್ನಾದಲ್ಲಿ ಕಾರಿಟಾಸ್ ಎಂಬ ಕ್ಯಾಥೋಲಿಕ್ ಸೇವಾ ಸಂಸ್ಥೆ ಹಳೆಯ ವೃದ್ಧಾಶ್ರಮವೊಂದನ್ನು 2015ರಲ್ಲಿ ಮಾಗ್ಡಾಸ್ ಹೋಟೆಲ್ ಮಾಡಿತು. ಅಲ್ಲಿ ನಿರಾಶ್ರಿತರ ಜೊತೆಗೆ ನುರಿತ ಹೋಟೆಲ್ ಕೆಲಸಗಾರರೂ ಇದ್ದರು. ಈ "ಜೊತೆಗೆ" ಎಂಬ ಮಾತನ್ನು ನಾನು ಓದಿದ್ದೆ, ಗಮನಿಸಿರಲಿಲ್ಲ. ಹಾಗಾಗಿ ಎಲ್ಲರನ್ನೂ ಹೊಸಬರನ್ನೇ ಸೇರಿಸಿಕೊಂಡೆ. ಮೊದಲ ಮೂರು ತಿಂಗಳು ಕೊಠಡಿಗಳು ಹೊತ್ತಿಗೆ ಸರಿಯಾಗಿ ತಯಾರಾದದ್ದೇ ಅಪರೂಪ. ನಮ್ಮ ಉದ್ದೇಶ ಒಳ್ಳೆಯದು ಎಂದು ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತವರು ಕಾಯುತ್ತಾರೆಯೇ? ಈಗ ಇಬ್ಬರು ಹೊಸಬರಿಗೆ ಒಬ್ಬ ಅನುಭವಿ. ಬಾತ್‌ರೂಮಿಗೆ ಒಂದು ಬಣ್ಣದ ಬಟ್ಟೆ, ಮೇಜು ಒರೆಸಲು ಇನ್ನೊಂದು. ಓದಲು ಬಾರದವರಿಗೂ ಅರ್ಥವಾಗಲೆಂದು ಕೆಲಸದ ಕ್ರಮವನ್ನು ಚಿತ್ರಗಳಲ್ಲಿ ಅಂಟಿಸಿದ್ದೇವೆ. ಕಿವಿ ಕೇಳಿಸದ ಸಹೋದ್ಯೋಗಿಗೆ ಕರೆಗಂಟೆಯ ಬದಲು ಮಿನುಗುವ ದೀಪ. ಆ ಚಿತ್ರಗಳನ್ನು ಅನುಭವಿಗಳೇ ಹೆಚ್ಚು ನೋಡುತ್ತಾರೆ ಎಂಬುದು ಬೇರೆ ಮಾತು.

ಪರಿಸರದ ವಿಷಯದಲ್ಲೂ ಬೋರ್ಡು ಹಾಕುವ ಚಪಲ ನನಗಿತ್ತು. "ಭೂಮಿಯನ್ನು ಉಳಿಸಿ, ಟವೆಲನ್ನು ಮತ್ತೆ ಬಳಸಿ" ಎಂಬ ಕಾರ್ಡ್ ಎಲ್ಲ ಕೊಠಡಿಗಳಲ್ಲೂ ಇಟ್ಟಿದ್ದೆ. 1986ರಲ್ಲಿ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 'ಗ್ರೀನ್‌ವಾಷಿಂಗ್' (ಪರಿಸರ ಕಾಳಜಿಯ ಸೋಗು) ಎಂಬ ಪದ ಹುಟ್ಟುಹಾಕಿದ್ದೇ ಹೋಟೆಲುಗಳ ಇಂಥ ಕಾರ್ಡುಗಳನ್ನು ನೋಡಿ ಎಂದು ಆಮೇಲೆ ತಿಳಿದು ಕಿವಿ ಬಿಸಿಯಾಯಿತು. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಪರಿಸರ ಉಳಿಸಿ ಎಂಬ ಕಾರ್ಡಿಗೆ ಓಗೊಟ್ಟವರು ಶೇ. 35ರಷ್ಟು, ಇಲ್ಲಿ ತಂಗಿದ ಬಹಳಷ್ಟು ಅತಿಥಿಗಳು ಟವೆಲ್ ಮತ್ತೆ ಬಳಸಿದ್ದಾರೆ ಎಂಬ ಕಾರ್ಡಿಗೆ ಶೇ. 44ರಷ್ಟು. ನಾನು ಆ ಎರಡನೆಯದನ್ನೂ ಬರೆಸಲಿಲ್ಲ, ನಮ್ಮಲ್ಲಿ ಅದು ನಿಜವೋ ಅಲ್ಲವೋ ಎಣಿಸಿ ನೋಡಿರಲಿಲ್ಲವಲ್ಲ. ಕೇಳಿದರೆ ಮಾತ್ರ ಟವೆಲ್ ಬದಲಿಸುತ್ತೇವೆ ಎಂದಷ್ಟೇ ಈಗಿನ ಕಾರ್ಡಿನಲ್ಲಿದೆ.

ಬಿಸಿನೀರಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ವಿದ್ಯುತ್ ಉಳಿಸಲು ಟ್ಯಾಂಕಿನ ನೀರನ್ನು 45 ಡಿಗ್ರಿಗೆ ಇಳಿಸೋಣ ಎಂದು ಸಮಿತಿಯಲ್ಲಿ ಹಲವರು ಹೇಳಿದರು. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದೇ ಸುಮಾರು 20ರಿಂದ 45 ಡಿಗ್ರಿಯ ನಡುವೆ. ಷವರಿನ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಇಳಿದರೆ ತೀವ್ರ ನ್ಯುಮೋನಿಯಾ ಬರಬಹುದು. ಟ್ಯಾಂಕ್ 60 ಡಿಗ್ರಿಯಲ್ಲೇ ಉಳಿಯಿತು. ಉಳಿತಾಯಕ್ಕೆ ಪೈಪುಗಳಿಗೆ ಶಾಖ ಸೋರದ ಹೊದಿಕೆ ಸುತ್ತಿಸಿ, ಕಡಿಮೆ ನೀರಿನ ಷವರ್ ಹಾಕಿಸಿದೆವು. ಪೈಪಿನಲ್ಲಿ ನೀರು ನಿಂತು ಅದೇ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಖಾಲಿ ಇರುವ ಕೊಠಡಿಗಳಲ್ಲಿ ವಾರಕ್ಕೊಮ್ಮೆ ನಲ್ಲಿ ಬಿಟ್ಟು ನೀರು ಹರಿಸುತ್ತೇವೆ. ನೀರು ಪೋಲು ಮಾಡ್ತೀರಿ ಎಂದು ಇಂದಿಗೂ ಬೈಸಿಕೊಳ್ಳುತ್ತೇನೆ.

ಸಮಿತಿ ಅಂದೆನಲ್ಲ, ಅದರಲ್ಲಿ ಕೆಲಸಗಾರರು ಅರ್ಧ, ನೆರೆಹೊರೆಯವರು ಅರ್ಧ. ಲಾಭವನ್ನು ಯಾರೂ ಮನೆಗೆ ಒಯ್ಯುವಂತಿಲ್ಲ, ಅದು ಹೋಟೆಲಿಗೋ ಸುತ್ತಲಿನವರಿಗೋ ಹೋಗಬೇಕು ಎಂದು ನಿಯಮಾವಳಿಯಲ್ಲಿದೆ. ಹಣ ಉಳಿಯದ ವರ್ಷಗಳಲ್ಲಿ ಸಭೆ ಬೇಗ ಮುಗಿಯುತ್ತಿತ್ತು. ಕಳೆದ ಸಲ ಸ್ವಲ್ಪ ಉಳಿದದ್ದೇ ಜಗಳ ಶುರು. ನೆರೆಯವರಿಗೆ ಚಾವಣಿಯ ಮೇಲೆ ಸೋಲಾರ್ ಫಲಕ ಬೇಕು, ಕೆಲಸಗಾರರಿಗೆ ರಾತ್ರಿ ಪಾಳಿಗೆ ಇನ್ನೊಬ್ಬರು ಬೇಕು. ನಾನು ಸೋಲಾರ್ ಪರ ಕೈ ಎತ್ತಿದೆ, ಗೋಡೆಯಿಂದ ಫೋಟೋ ಇಳಿಸಲು ಹೇಳಿದ ಆ ಹೆಂಗಸು ಎದುರು ಕೂತು ರಾತ್ರಿ ಪಾಳಿಯ ಪರ. ಎರಡು ಮತಗಳಿಂದ ನಾವು ಸೋತೆವು. ಹೊಸಬರು ಮುಂದಿನ ವಾರ ಕೆಲಸಕ್ಕೆ ಬರುತ್ತಾರೆ.