ಮೈಎಸ್‌ಕ್ಯೂಎಲ್‌ನಿಂದ ಎಲಾಸ್ಟಿಕ್‌ಸರ್ಚ್‌ಗೆ: ಕಂತುಕಂತಾಗಿ ಡೇಟಾ ತುಂಬುವುದು ಹೇಗೆ?

ಗ್ರಂಥಾಲಯವೊಂದರ ಪುಸ್ತಕ ಪಟ್ಟಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಸುಮಾರು 10 ಲಕ್ಷ ಸಾಲು. ಓದುಗರು ಶೀರ್ಷಿಕೆಯ ಒಂದು ಪದ ಟೈಪಿಸಿದರೆ ಸಾಕು, ತಕ್ಷಣ ಪುಸ್ತಕ ಸಿಗಬೇಕು. ಇದಕ್ಕೆ ಎಲಾಸ್ಟಿಕ್‌ಸರ್ಚ್ ಹೇಳಿ ಮಾಡಿಸಿದ ಸಾಧನ. ಅಲ್ಲಿಗೆ ಡೇಟಾ ಸಾಗಿಸುವ ಗಾಡಿ ಲಾಗ್‌ಸ್ಟ್ಯಾಶ್ ಮತ್ತು ಡೇಟಾಬೇಸ್‌ನಿಂದ ಸಾಲುಗಳನ್ನು ಓದುವ ಅದರ ಜೆಡಿಬಿಸಿ ಇನ್‌ಪುಟ್ ಪ್ಲಗಿನ್. ಮೊದಲ ಸಲ ಪೂರ್ತಿ ಡೇಟಾ ಸಾಗಿಸುವುದು ಕಷ್ಟವಲ್ಲ. ‘ಕಳೆದ ಸಲದ ನಂತರ ಬದಲಾದದ್ದು ಯಾವುದು’ ಎಂಬ ಪ್ರಶ್ನೆ ಎದುರಾಗುವ ಎರಡನೇ ಓಟದಿಂದ ತಲೆನೋವು ಶುರು.

ಈ ಲೇಖನದಲ್ಲಿ ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಕಡತದಲ್ಲಿ ಬರೆಯುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ.

ಹಂತ 1: ಮೊದಲು ಟೇಬಲ್ ಸರಿಪಡಿಸಿ

ಎರಡು ಕಾಲಂ ಇರಲೇಬೇಕು. ಒಂದು, ಎಂದೂ ಬದಲಾಗದ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಐಡಿ. ಇನ್ನೊಂದು, ಸಾಲು ಕೊನೆಯ ಬಾರಿ ಬದಲಾದ ಸಮಯ. ಇದನ್ನು ‘ಅಪ್‌ಡೇಟೆಡ್ ಅಟ್’ ಎನ್ನೋಣ. ಇದನ್ನು ಟೈಮ್‌ಸ್ಟ್ಯಾಂಪ್ ಮಾದರಿಯಲ್ಲಿಟ್ಟು, ‘ಡಿಫಾಲ್ಟ್ ಕರೆಂಟ್ ಟೈಮ್‌ಸ್ಟ್ಯಾಂಪ್’ ಜೊತೆಗೆ ‘ಆನ್ ಅಪ್‌ಡೇಟ್ ಕರೆಂಟ್ ಟೈಮ್‌ಸ್ಟ್ಯಾಂಪ್’ ಕೊಟ್ಟರೆ ಮೈಎಸ್‌ಕ್ಯೂಎಲ್ ತಾನೇ ಸಮಯ ಬರೆದುಕೊಳ್ಳುತ್ತದೆ. ಈ ಕಾಲಂಗೆ ಇಂಡೆಕ್ಸ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಪ್ರತಿ ಓಟದಲ್ಲೂ ಇಡೀ ಟೇಬಲ್ ಜಾಲಾಡುತ್ತದೆ.

ಇದರಲ್ಲೂ ಎರಡು ಕಳ್ಳದಾರಿಗಳಿವೆ. ಲೇಖಕರ ಹೆಸರು ಬೇರೆ ಟೇಬಲ್‌ನಲ್ಲಿದ್ದರೆ, ಅಲ್ಲಿ ಹೆಸರು ತಿದ್ದಿದಾಗ ಪುಸ್ತಕದ ಸಾಲಿನ ಸಮಯ ಬದಲಾಗದು. ಹೀಗಾಗಿ ಹುಡುಕಾಟದಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ಲೇಖಕರ ಟೇಬಲ್‌ಗೆ ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಆದೇಶ) ಬರೆದು ಸಂಬಂಧಪಟ್ಟ ಪುಸ್ತಕಗಳ ಸಮಯವನ್ನೂ ಬದಲಿಸಿ. ಇನ್ನೊಂದು, ಹಳೆಯ ಬ್ಯಾಕಪ್‌ನಿಂದ ಕೆಲವು ಸಾಲುಗಳನ್ನು ಮರಳಿ ತುಂಬಿದರೆ ಅವು ಹಳೆಯ ಸಮಯವನ್ನೇ ಹೊತ್ತು ಬರುತ್ತವೆ, ಲಾಗ್‌ಸ್ಟ್ಯಾಶ್ ಕಣ್ಣಿಗೆ ಬೀಳುವುದೇ ಇಲ್ಲ.

ಹಂತ 2: ಕನ್ನಡ ಸರಿಯಾಗಿದೆಯೇ ನೋಡಿ

ಸಾಗಿಸಿದ ಮೇಲೆ ನೋಡಿದರಾಯಿತು ಎಂದು ಇದನ್ನು ಮುಂದೂಡಬೇಡಿ. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ 3 ಬೈಟ್ ಬೇಕು. ‘ಕ’ದಿಂದ ಶುರುವಾಗುವ ಒಂದು ಶೀರ್ಷಿಕೆಯನ್ನು ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್‌ಗೆ ಕೊಟ್ಟು ನೋಡಿ. ಮೊದಲ ಮೂರು ಬೈಟ್ ‘ಇ0 ಬಿ2 95’ ಎಂದಿದ್ದರೆ ಎಲ್ಲ ಸರಿಯಿದೆ. ‘ಸಿ3 ಎ0’ ಎಂದು ಶುರುವಾದರೆ ಹಿಂದೆ ಯಾರೋ ಯುರೋಪಿನ ಭಾಷೆಗಳಿಗಷ್ಟೇ ಆಗುವ ಲ್ಯಾಟಿನ್-1 ಕನೆಕ್ಷನ್ ಮೂಲಕ ಕನ್ನಡ ತುಂಬಿದ್ದಾರೆ, ಅಕ್ಷರ ಎರಡು ಬಾರಿ ಎನ್‌ಕೋಡ್ ಆಗಿದೆ. ಇದನ್ನು ಸರಿಪಡಿಸಬಹುದು. ಆದರೆ ಬರೀ ‘3ಎಫ್’ ಸಾಲುಗಟ್ಟಿದ್ದರೆ ಅವು ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳು. ಮೂಲ ಅಕ್ಷರ ಅಳಿಸಿಹೋಗಿದೆ, ಬ್ಯಾಕಪ್ ಬಿಟ್ಟರೆ ಬೇರೆ ಗತಿಯಿಲ್ಲ. ನುಡಿಯಂಥ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದ ಪಠ್ಯವಿದ್ದರೆ ಅದನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಟೇಬಲ್‌ನ ಕ್ಯಾರೆಕ್ಟರ್ ಸೆಟ್ ‘ಯುಟಿಎಫ್8ಎಂಬಿ4’ ಆಗಿರಲಿ.

ಯೂನಿಕೋಡ್‌ನಲ್ಲೇ ಇದ್ದರೂ ಒಂದು ಚೇಷ್ಟೆ ಉಳಿದಿರುತ್ತದೆ. ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಚಿಹ್ನೆಯನ್ನು ತುಂಡುತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಸಾಫ್ಟ್‌ವೇರ್’ ಪದದೊಳಗೆ ಅಡಗಿರುವ, ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಸಂಕೇತದ ಕಥೆಯೂ ಇದೇ. ಎಲಾಸ್ಟಿಕ್‌ಸರ್ಚ್‌ಗೆ ಯೂನಿಕೋಡ್ ಪಠ್ಯ ನಿಭಾಯಿಸುವ ಐಸಿಯು ಅನಾಲಿಸಿಸ್ ಪ್ಲಗಿನ್ ಹಾಕಿ, ಶೀರ್ಷಿಕೆಯನ್ನು ಹುಡುಕಾಟದ ಪದಗಳಾಗಿ ಒಡೆಯುವ ಅನಲೈಸರ್‌ನಲ್ಲಿ ಐಸಿಯು ನಾರ್ಮಲೈಸರ್ ಸೇರಿಸಿ. ಅದರ ಡಿಫಾಲ್ಟ್ ವಿಧಾನ ತುಂಡು ಚಿಹ್ನೆಗಳನ್ನು ಒಂದುಗೂಡಿಸುತ್ತದೆ, ಅದೃಶ್ಯ ಸಂಕೇತಗಳನ್ನೂ ತೆಗೆದುಹಾಕುತ್ತದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ಡೇಟಾ ಕೂರುವ ಜಾಗಕ್ಕೂ ಇಂಡೆಕ್ಸ್ ಎಂದೇ ಹೆಸರು. ಅದನ್ನು ಈ ಅನಲೈಸರ್ ನಮೂದಿಸಿದ ಮ್ಯಾಪಿಂಗ್‌ನೊಂದಿಗೆ (ಯಾವ ಕಾಲಂ ಯಾವ ಬಗೆಯದು ಎಂಬ ಪಟ್ಟಿ) ಮೊದಲೇ ರಚಿಸಿಕೊಳ್ಳಿ. ತುಂಬಿದ ಮೇಲೆ ಅನಲೈಸರ್ ಬದಲಿಸಬೇಕೆಂದರೆ ಮತ್ತೆ ಮೊದಲಿನಿಂದ ತುಂಬಬೇಕು.

ಹಂತ 3: ಕನೆಕ್ಷನ್

ಡೇಟಾಬೇಸ್‌ನಲ್ಲಿ ಸೆಲೆಕ್ಟ್ ಅನುಮತಿ ಮಾತ್ರ ಇರುವ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ. ಮೈಎಸ್‌ಕ್ಯೂಎಲ್ ಡ್ರೈವರ್ ಲಾಗ್‌ಸ್ಟ್ಯಾಶ್ ಜೊತೆ ಬರುವುದಿಲ್ಲ. ಕನೆಕ್ಟರ್/ಜೆ ಜಾರ್ ಕಡತವನ್ನು ಇಳಿಸಿಕೊಂಡು ಅದರ ದಾರಿಯನ್ನು ‘ಜೆಡಿಬಿಸಿ ಡ್ರೈವರ್ ಲೈಬ್ರರಿ’ಯಲ್ಲಿ ಕೊಡಿ. ಈಗಿನ ಡ್ರೈವರ್‌ನ ಕ್ಲಾಸ್ ಹೆಸರಿನ ನಡುವೆ ‘ಸಿಜೆ’ ಇದೆ. ಹಳೆಯ ಲೇಖನಗಳಿಂದ ನಕಲಿಸಿದರೆ ಅದು ಬಿಟ್ಟುಹೋಗಿರುತ್ತದೆ.

ಮೆಮೊರಿ ವಿಷಯದಲ್ಲಿ ಎಚ್ಚರ. ಮೈಎಸ್‌ಕ್ಯೂಎಲ್ ಡ್ರೈವರ್ ತಾನಾಗಿ ಇಡೀ ಫಲಿತಾಂಶವನ್ನು ಒಂದೇ ಸಲ ಮೆಮೊರಿಗೆ ಎಳೆದುಕೊಳ್ಳುತ್ತದೆ. ಸಾಲಿಗೆ 2 ಕೆಬಿ ಎಂದರೂ 10 ಲಕ್ಷ ಸಾಲಿಗೆ ಸುಮಾರು 2 ಜಿಬಿ. ಲಾಗ್‌ಸ್ಟ್ಯಾಶ್‌ಗೆ ಡಿಫಾಲ್ಟ್ ಆಗಿ ಸಿಗುವ ಮೆಮೊರಿ (ಹೀಪ್) 1 ಜಿಬಿ. ಅಲ್ಲಿಗೆ ಕಥೆ ಮುಗಿಯಿತು. ಒಂದು ಸಲಕ್ಕೆ ಎಷ್ಟು ಸಾಲು ತರಬೇಕು ಎಂದು ಹೇಳುವ ‘ಜೆಡಿಬಿಸಿ ಫೆಚ್ ಸೈಜ್’ 1000 ಎಂದು ಕೊಟ್ಟು ನಿಶ್ಚಿಂತೆಯಿಂದ ಇರುವವರು ಬಹಳ. ಆದರೆ ಡೇಟಾಬೇಸ್‌ನ ವಿಳಾಸ ಬರೆಯುವ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ‘ಯೂಸ್ ಕರ್ಸರ್ ಫೆಚ್’ ಎಂಬುದನ್ನು ‘ಟ್ರೂ’ ಮಾಡದ ಹೊರತು ಆ ಸಂಖ್ಯೆಗೆ ಬೆಲೆಯಿಲ್ಲ. ಈ ಪದಗಳ ನಡುವೆ ಅಂಡರ್‌ಸ್ಕೋರ್ ಇಲ್ಲ. ಎರಡನೇ ಪದದಿಂದ ಮೊದಲಕ್ಷರ ದೊಡ್ಡದು, ಎಲ್ಲ ಕೂಡಿಸಿ ಬರೆಯಬೇಕು.

ಹಂತ 4: ಮೊದಲ ತುಂಬುವಿಕೆ

ಪ್ಲಗಿನ್‌ನಲ್ಲಿ ಪೇಜಿಂಗ್ ಸೌಲಭ್ಯವಿದೆ, ಪುಟಕ್ಕೆ 1,00,000 ಸಾಲು. ಆದರೆ ಅದು ಲಿಮಿಟ್-ಆಫ್‌ಸೆಟ್ ವಿಧಾನ. ಒಂಬತ್ತನೇ ಪುಟಕ್ಕೆ ಹೋಗಲು ಮೊದಲ 8 ಲಕ್ಷ ಸಾಲುಗಳನ್ನು ಎಣಿಸಿ ಬಿಸಾಡುತ್ತದೆ. ಕ್ವೆರಿಯಲ್ಲಿ ಆರ್ಡರ್ ಬೈ ಇಲ್ಲದಿದ್ದರೆ ಸಾಲುಗಳು ಪುಟಗಳ ನಡುವೆ ತಪ್ಪಿಸಿಕೊಳ್ಳಲೂಬಹುದು. ಅದರ ಬದಲು ಐಡಿ ಹಿಡಿದು ಸಾಗುವುದು ಲೇಸು. ‘ಯೂಸ್ ಕಾಲಂ ವ್ಯಾಲ್ಯೂ’ ಟ್ರೂ, ‘ಟ್ರ್ಯಾಕಿಂಗ್ ಕಾಲಂ’ ಐಡಿ. ಕ್ವೆರಿಯಲ್ಲಿ ‘ಎಸ್‌ಕ್ಯೂಎಲ್ ಲಾಸ್ಟ್ ವ್ಯಾಲ್ಯೂ’ಗಿಂತ (ಕಳೆದ ಓಟದಲ್ಲಿ ಕೊನೆಗೆ ಓದಿದ ಬೆಲೆ) ದೊಡ್ಡ ಐಡಿಗಳನ್ನು ಏರುಕ್ರಮದಲ್ಲಿ 50,000ದ ಮಿತಿಯಲ್ಲಿ ಕೇಳಿ. ‘ಶೆಡ್ಯೂಲ್’ಗೆ ಐದು ನಕ್ಷತ್ರ ಕೊಟ್ಟರೆ ನಿಮಿಷಕ್ಕೊಮ್ಮೆ ಓಡುತ್ತದೆ. ಪ್ರತಿ ಕಂತೂ ನಿಮಿಷದೊಳಗೆ ಮುಗಿದರೆ 10 ಲಕ್ಷ ಸಾಲಿಗೆ 20 ಕಂತು, 20 ನಿಮಿಷ.

ಔಟ್‌ಪುಟ್ ಭಾಗದಲ್ಲಿ ‘ಡಾಕ್ಯುಮೆಂಟ್ ಐಡಿ’ಗೆ ಪ್ರೈಮರಿ ಕೀಯನ್ನೇ ಕೊಡಿ. ಆಗ ಅದೇ ಸಾಲು ಹತ್ತು ಬಾರಿ ಬಂದರೂ ಹಳೆಯದರ ಮೇಲೆಯೇ ಬರೆಯುತ್ತದೆ. ಇದನ್ನು ಬಿಟ್ಟರೆ ಒಂದೇ ಪುಸ್ತಕ ಹತ್ತು ಬಾರಿ ಕಾಣಿಸುತ್ತದೆ.

ಈ ಹಂತ ಶುರುವಾಗುವ ಮುನ್ನ ಆ ಕ್ಷಣದ ಯೂನಿಕ್ಸ್ ಸಮಯವನ್ನು (1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆ) ಬರೆದಿಟ್ಟುಕೊಳ್ಳಿ. ಮುಂದಿನ ಹಂತಕ್ಕೆ ಅದೇ ಆಧಾರ.

ಹಂತ 5: ಬದಲಾದದ್ದನ್ನು ಮಾತ್ರ ತರುವುದು

ಟ್ರ್ಯಾಕಿಂಗ್ ಕಾಲಂ ಆಗಿ ಸಮಯವನ್ನೇ ನೇರವಾಗಿ ಬಳಸಿದರೆ ಐದೂವರೆ ಗಂಟೆಯ ಭೂತ ಬೆನ್ನು ಹತ್ತುತ್ತದೆ. ಲಾಗ್‌ಸ್ಟ್ಯಾಶ್ ಲೆಕ್ಕ ಯುಟಿಸಿಯಲ್ಲಿ, ನಿಮ್ಮ ಡೇಟಾಬೇಸ್ ಭಾರತೀಯ ಕಾಲಮಾನದಲ್ಲಿ. ಹೊಂದಿಕೆ ತಪ್ಪಿದರೆ ಐದೂವರೆ ಗಂಟೆಯ ಬದಲಾವಣೆಗಳು ಪ್ರತಿ ಸಲವೂ ಮತ್ತೆ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ಸಂಖ್ಯೆಗೆ ಟೈಮ್‌ಜೋನ್ ಇಲ್ಲ. ಹಾಗಾಗಿ ‘ಯೂನಿಕ್ಸ್ ಟೈಮ್‌ಸ್ಟ್ಯಾಂಪ್’ ಫಂಕ್ಷನ್‌ನಿಂದ ಸಮಯವನ್ನು ಸೆಕೆಂಡುಗಳಾಗಿ ಪರಿವರ್ತಿಸಿ ಬೇರೆ ಹೆಸರಲ್ಲಿ ಸೆಲೆಕ್ಟ್ ಮಾಡಿ, ಅದನ್ನೇ ಟ್ರ್ಯಾಕ್ ಮಾಡಿ. ಆ ಹೆಸರು ಸಣ್ಣಕ್ಷರದಲ್ಲಿರಲಿ; ಪ್ಲಗಿನ್ ಎಲ್ಲ ಕಾಲಂ ಹೆಸರುಗಳನ್ನೂ ಸಣ್ಣಕ್ಷರಕ್ಕೆ ತಿರುಗಿಸುತ್ತದೆ.

ವೇರ್ ಷರತ್ತಿನಲ್ಲಿ ಮಾತ್ರ ಕಾಲಂ ಮೇಲೆ ಫಂಕ್ಷನ್ ಹೊದಿಸಬೇಡಿ, ಇಂಡೆಕ್ಸ್ ಕೆಲಸಕ್ಕೆ ಬಾರದಂತಾಗುತ್ತದೆ. ಬದಲಿಗೆ ಲಾಸ್ಟ್ ವ್ಯಾಲ್ಯೂನಿಂದ 300 ಕಳೆದು, ಅದನ್ನು ‘ಫ್ರಂ ಯೂನಿಕ್ಸ್‌ಟೈಮ್’ಗೆ ಕೊಟ್ಟು, ಅದಕ್ಕಿಂತ ಈಚಿನ ಸಾಲುಗಳನ್ನು ಕೇಳಿ. 300 ಏಕೆ? ಸಾಲಿನ ಮೇಲೆ ಬೀಳುವ ಸಮಯ ಅಪ್‌ಡೇಟ್ ನಡೆದ ಕ್ಷಣದ್ದು. ಕಮಿಟ್ ಆಗಿ ಇತರರಿಗೆ ಕಾಣುವುದು ಒಂದೆರಡು ನಿಮಿಷ ತಡವಾಗಿರಬಹುದು. ಅಷ್ಟರಲ್ಲಿ ನಮ್ಮ ಗಾಡಿ ಮುಂದೆ ಹೋಗಿರುತ್ತದೆ. ಐದು ನಿಮಿಷ ಹಿಂದೆ ಸರಿದು ಓದಿದರೆ ಅಂಥವೂ ಸಿಗುತ್ತವೆ. ಕೊನೆಯ ಕೆಲವು ಸಾಲು ಪದೇ ಪದೇ ಬರುವುದು ಲಾಗ್‌ನಲ್ಲಿ ಕಂಡರೆ ಗಾಬರಿ ಬೇಡ.

ಆರ್ಡರ್ ಬೈ ಏರುಕ್ರಮದಲ್ಲೇ ಇರಬೇಕು. ಪ್ಲಗಿನ್ ನೆನಪಿಟ್ಟುಕೊಳ್ಳುವುದು ಕೊನೆಗೆ ಓದಿದ ಸಾಲಿನ ಬೆಲೆಯನ್ನು, ಅತಿ ದೊಡ್ಡದನ್ನಲ್ಲ.

ಆ ನೆನಪು ಉಳಿಯುವ ಕಡತದ ದಾರಿಯನ್ನು ‘ಲಾಸ್ಟ್ ರನ್ ಮೆಟಾಡೇಟಾ ಪಾತ್’ನಲ್ಲಿ ಪ್ರತಿ ಪೈಪ್‌ಲೈನ್‌ಗೂ (ಹಂತ 4ಕ್ಕೊಂದು, ಹಂತ 5ಕ್ಕೊಂದು) ಬೇರೆ ಬೇರೆಯಾಗಿ ಕೊಡಿ. ಹಂಚಿಕೊಂಡರೆ ಹಂತ 4ರ ಐಡಿ ಸಂಖ್ಯೆಯನ್ನು ಹಂತ 5 ಸಮಯವೆಂದು ಓದುತ್ತದೆ. ಹೊಸ ಕಡತದಲ್ಲಿ ಮೂರು ಅಡ್ಡಗೆರೆ, ಒಂದು ಖಾಲಿ ಜಾಗ, ನೀವು ಬರೆದಿಟ್ಟ ಯೂನಿಕ್ಸ್ ಸಮಯ ಹಾಕಿ. ಇಲ್ಲವಾದರೆ ಲೆಕ್ಕ ಸೊನ್ನೆಯಿಂದ ಶುರುವಾಗಿ, 300 ಕಳೆದಾಗ ಋಣಸಂಖ್ಯೆಯಾಗಿ, ಮೈಎಸ್‌ಕ್ಯೂಎಲ್ ‘ನಲ್’ ಕೊಟ್ಟು, ಒಂದು ಸಾಲೂ ಬರುವುದಿಲ್ಲ. ಎರರ್ ಕೂಡ ಕಾಣದು.

ಹಂತ 6: ದಾರಿಯಲ್ಲಿ ಕಳೆದುಹೋಗದಂತೆ

ಓದಿದ ಸಾಲುಗಳು ಕಾಯುವ ಲಾಗ್‌ಸ್ಟ್ಯಾಶ್‌ನ ಕ್ಯೂ ಸಾಮಾನ್ಯವಾಗಿ ಮೆಮೊರಿಯಲ್ಲಿರುತ್ತದೆ. ಸಾಲುಗಳು ಎಲಾಸ್ಟಿಕ್‌ಸರ್ಚ್ ತಲುಪುವ ಮೊದಲೇ ಲಾಸ್ಟ್ ವ್ಯಾಲ್ಯೂ ಮುಂದಕ್ಕೆ ಸರಿದಿರಬಹುದು. ಆಗ ವಿದ್ಯುತ್ ಹೋದರೆ ಆ ಸಾಲುಗಳು ಗಂಗೆಪಾಲು. ಕ್ಯೂ ಮಾದರಿಯನ್ನು ‘ಪರ್ಸಿಸ್ಟೆಡ್’ (ಡಿಸ್ಕ್‌ನಲ್ಲಿ ಉಳಿಯುವಂಥದ್ದು) ಮಾಡಿ, ಎಲಾಸ್ಟಿಕ್‌ಸರ್ಚ್ ನಿರಾಕರಿಸಿದ ಸಾಲುಗಳನ್ನು ಹಿಡಿದಿಡುವ ಡೆಡ್ ಲೆಟರ್ ಕ್ಯೂ ಕೂಡ ಚಾಲೂ ಇಡಿ. ಪ್ರಕಟಣೆಯ ವರ್ಷ ಎಂಬ ಸಂಖ್ಯೆಯ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದ ಸಾಲುಗಳು ಅಲ್ಲಿ ಬಂದು ಬೀಳುತ್ತವೆ.

ಹಂತ 7: ಅಳಿಸಿದ ಸಾಲುಗಳು

ಡಿಲೀಟ್ ಆದ ಸಾಲನ್ನು ಯಾವ ಸೆಲೆಕ್ಟೂ ತರಲಾರದು. ನಿಜಕ್ಕೂ ಅಳಿಸುವ ಬದಲು ‘ಅಳಿಸಲಾಗಿದೆ’ ಎಂಬ ಒಂದು ಕಾಲಂ ಇಟ್ಟು ಅದನ್ನು 1 ಮಾಡಿ. ಸಮಯವೂ ಬದಲಾಗುವುದರಿಂದ ಸಾಲು ಲಾಗ್‌ಸ್ಟ್ಯಾಶ್‌ಗೆ ಸಿಗುತ್ತದೆ. ಔಟ್‌ಪುಟ್‌ನಲ್ಲಿ 1 ಕಂಡರೆ ‘ಆಕ್ಷನ್’ ಡಿಲೀಟ್ ಎಂದು ಷರತ್ತು ಹಾಕಿ. ಹಳೆಯ ಅಪ್ಲಿಕೇಷನ್ ಇದಕ್ಕೆ ಒಪ್ಪದಿದ್ದರೆ ವಾರಕ್ಕೊಮ್ಮೆ ರಾತ್ರಿ ಹೊಸ ಇಂಡೆಕ್ಸ್‌ಗೆ ಪೂರ್ತಿ ತುಂಬಿ, ಎರಡೂ ಕಡೆಯ ಎಣಿಕೆ ತಾಳೆಯಾದ ಮೇಲಷ್ಟೇ ಅಲಿಯಾಸನ್ನು (ಹುಡುಕಾಟ ಬಳಸುವ ಇಂಡೆಕ್ಸ್‌ನ ಅಡ್ಡಹೆಸರು) ಅದಕ್ಕೆ ತಿರುಗಿಸಿ. ಹಳೆಯ ಇಂಡೆಕ್ಸನ್ನು ಒಂದು ದಿನ ಹಾಗೆಯೇ ಬಿಟ್ಟಿರಿ.